ಕಿವಿಯಾರೆ ಕೇಳಿದ ವಾಕ್ಯ

ಬೆಳಿಗ್ಗೆ ಎಂಟೂವರೆಗೆ ರಾಮದಾಸರಿಂದ ಬಂದ ಇ-ಮೇಲಿನಲ್ಲಿ ಒಂದೇ ಸಾಲು ಇತ್ತು. ‘ಮೂರನೆಯ ಉದಾಹರಣೆಯ ಕನ್ನಡ ಸಪ್ಪೆಯಾಗಿದೆ, ಹನ್ನೆರಡರೊಳಗೆ ತಿದ್ದಿ ಕಳಿಸಿ.’ ಗುಲಾಬಿ ಅದನ್ನು ಓದಿ, ಕನ್ನಡಕ ತೆಗೆದು ವೇಲಿನ ತುದಿಯಲ್ಲಿ ಒರೆಸಿ, ಮತ್ತೆ ಓದಿದಳು. ಉಡುಪಿಯ ಕಡೆಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ, ನಲವತ್ತೆಂಟನೆಯ ವಯಸ್ಸಿನಲ್ಲಿ ಕಡಲಾಚೆಯ ಬ್ರಿಕ್‌ಫೀಲ್ಡ್ಸ್ ಬಡಾವಣೆಯ ಒಂಬತ್ತನೆಯ ಮಹಡಿಯಲ್ಲಿ ಕೂತು ಎರಡು ಭಾಷೆಗಳನ್ನು ನಂಬಿ ಬದುಕುತ್ತಿರುವವಳಿಗೆ ತನ್ನ ಕನ್ನಡ ಸಪ್ಪೆ ಎಂದರೆ, ತಾನು ಮಾಡಿದ ಸಾರು ಸಪ್ಪೆ ಎಂದದ್ದಕ್ಕಿಂತ ಹೆಚ್ಚು ಉರಿಯುತ್ತದೆ. ಸಾರಿಗಾದರೆ ಉಪ್ಪು ಹಾಕಿ ಕೈ ತೊಳೆದುಕೊಳ್ಳಬಹುದು. ವಾಕ್ಯಕ್ಕೆ ಏನು ಹಾಕುವುದು ಎಂದು ಅವಳು ಸ್ವಲ್ಪ ಹೊತ್ತು ಪರದೆಯನ್ನೇ ದುರುಗುಟ್ಟಿ ನೋಡಿದಳು. ನಿಜ ಹೇಳಬೇಕೆಂದರೆ, ಆ ಸಾಲು ಸಪ್ಪೆಯಾಗಿದೆ ಎಂದು ಕಳಿಸುವಾಗಲೇ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಾಗೇ ಕಳಿಸಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಪೆಟಾಲಿಂಗ್ ಜಯಾದಲ್ಲಿರುವ ಅವಳ ಕಂಪನಿ ಮಕ್ಕಳಿಗಾಗಿ ಫೋನಿನಲ್ಲಿ ಓದುವ ಇಂಗ್ಲಿಷ್ ನಿಘಂಟು ಮಾಡುತ್ತದೆ. ಕನ್ನಡದ ಮೇಜು ಗುಲಾಬಿಯದು, ಅದರ ಮೇಲೆ ಕಣ್ಣಿಡುವವರು ಧಾರವಾಡದ ರಾಮದಾಸರು. ಒಂದು ಪದಕ್ಕೆ ಮೂರು ಅಂಕಣ: ಅರ್ಥ, ಮೂಲ, ಬಳಕೆ. ಬಳಕೆಯ ಅಂಕಣಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಉಂಟು. ಉದಾಹರಣೆಯ ವಾಕ್ಯವನ್ನು ಕಟ್ಟಬಾರದು, ಕೇಳಬೇಕು. ಯಾರೋ ಒಬ್ಬರು ನಿಜವಾಗಿ ಆಡಿದ ಮಾತನ್ನು ಚೀಟಿಯಲ್ಲಿ ಬರೆದು, ಹೆಸರು ಬಿಟ್ಟು, ಆಡಿದವರು ಹೆಂಗಸೋ ಗಂಡಸೋ, ವಯಸ್ಸು ಎಷ್ಟು, ಊರು ಯಾವುದು, ತಿಂಗಳು ಯಾವುದು ಎಂದು ನಮೂದಿಸಬೇಕು. ಮನೆಯಲ್ಲಿ ಕೂತು ಹೊಸೆದ ವಾಕ್ಯಗಳು ಪ್ಲಾಸ್ಟಿಕ್ ಹೂವಿನ ಹಾಗೆ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ ಎಂಬುದು ರಾಮದಾಸರ ವಾದ. ಗುಲಾಬಿಗೆ ಈ ನಿಯಮ ಸೇರಿದ ದಿನದಿಂದಲೂ ಹಿಡಿಸಿತ್ತು. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಚಹಾ-ತಿಂಡಿಯ ಮಮಕ್ ಅಂಗಡಿಯ ಮೇಜಿನಲ್ಲಿ ಜನ ಆಡುವ ಮಾತನ್ನು ಅವಳು ಗುಬ್ಬಿ ಕಾಳು ಹೆಕ್ಕುವ ಹಾಗೆ ಹೆಕ್ಕುತ್ತಿದ್ದಳು. ಯಾರಾದರೂ ಅಳುತ್ತ ಫೋನಿನಲ್ಲಿ ಮಾತಾಡುತ್ತಿದ್ದರೂ ಅವಳ ಕಿವಿ ಅಳುವನ್ನು ಸೋಸಿ ಕ್ರಿಯಾವಿಶೇಷಣವನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಇದು ಕಸುಬಿನ ಶಿಸ್ತು ಎಂದು ಅವಳು ತಿಳಿದಿದ್ದಳು. ಒಂಟಿ ಹೆಂಗಸಿಗೆ ಇದರಿಂದ ಇನ್ನೊಂದು ಅನುಕೂಲವೂ ಇತ್ತು: ಜನರ ನಡುವೆ ಇದ್ದ ಹಾಗೂ ಆಗುತ್ತದೆ, ಯಾರ ಗೋಜೂ ಇರುವುದಿಲ್ಲ.

ಇವತ್ತಿನ ಪದ ‘ಹಾರ್ಡ್‌ಲಿ’. ಸಂಜೆ ನಾಲ್ಕಕ್ಕೆ ಅದು ‘ದಿನದ ಪದ’ವಾಗಿ ಎಲ್ಲ ಮಕ್ಕಳ ಫೋನಿಗೂ ಹೋಗುತ್ತದೆ. ಮೊದಲ ಉದಾಹರಣೆ ರಾಮದಾಸರದೇ, ನೆಟ್‌ವರ್ಕ್ ಕೈಕೊಟ್ಟಾಗ ಅವರು ಆಡಿದ ‘ಐ ಕ್ಯಾನ್ ಹಾರ್ಡ್‌ಲಿ ಹಿಯರ್ ಯೂ’. ಕನ್ನಡದಲ್ಲಿ ‘ನಿಮ್ಮ ಮಾತು ಸರಿಯಾಗಿ ಕೇಳುತ್ತಲೇ ಇಲ್ಲ.’ ಎರಡನೆಯದು ಕೆಳಗಿನ ಗೇಟಿನ ಕಾವಲುಗಾರನದು, ‘ಹಾರ್ಡ್‌ಲಿ ಎನಿಬಡಿ ಗೋಸ್ ಔಟ್ ನೌ, ಲಾ’. ‘ಈಗ ಯಾರೂ ಹೊರಗೆ ಹೋಗುವುದೇ ಇಲ್ಲ ಎನ್ನಬೇಕು.’ ಮೂರನೆಯದರ ಚೀಟಿ ಹೀಗಿತ್ತು: ಹುಡುಗಿ, ಹನ್ನೊಂದು, ಬ್ರಿಕ್‌ಫೀಲ್ಡ್ಸ್, ಜುಲೈ ೨೦೨೧. ‘ವಿ ಹಾರ್ಡ್‌ಲಿ ಈಟ್ ಡಿನ್ನರ್ ನೌ.’ ಅದಕ್ಕೆ ಗುಲಾಬಿ ಬರೆದಿದ್ದ ಕನ್ನಡ, ‘ನಾವು ಈಗ ರಾತ್ರಿಯ ಊಟ ಮಾಡುವುದು ಕಡಿಮೆ.’ ಕಡಿಮೆ ಎಂಬ ಪದವನ್ನು ಅವಳು ಈಗ ಹೊಡೆದುಹಾಕಿದಳು. ‘ರಾತ್ರಿ ಊಟ ಮಾಡುವುದು ಅಪರೂಪ’ ಎಂದು ಬರೆದಳು. ಅಪರೂಪ ಎಂದರೆ ಹಬ್ಬದ ಹೋಳಿಗೆಯಂತೆ ಕೇಳುತ್ತದೆ ಎಂದು ಅದನ್ನೂ ಹೊಡೆದಳು. ‘ರಾತ್ರಿ ನಮ್ಮಲ್ಲಿ ಊಟ ಮಾಡುವುದೇ ಇಲ್ಲ ಅನ್ನಬಹುದು’ ಎಂದು ಬರೆದು, ಕಿವಿಗೆ ಹೇಗೆ ಬೀಳುತ್ತದೆ ನೋಡೋಣವೆಂದು ಗಟ್ಟಿಯಾಗಿ ಓದಿದಳು. ಇಂಗ್ಲಿಷಿನಲ್ಲಿ ಎಂಟು ದಿನ ಒಂದು ಚಂದದ ಉದಾಹರಣೆಯಾಗಿದ್ದ ಸಾಲು ಕನ್ನಡದಲ್ಲಿ ಎದುರುಮನೆಯ ಅಪೂರ್ವಳ ದನಿಯಲ್ಲಿ, ನಮಗೆ ರಾತ್ರಿ ಊಟ ಇಲ್ಲ ಎಂದು ಹೇಳಿತ್ತು.

ಎಂಟು ದಿನದ ಹಿಂದೆ, ಕಾರಿಡಾರಿನ ಕಂಬಿಗೆ ಒಣಹಾಕಿದ ಬಟ್ಟೆ ತೆಗೆಯುವಾಗ ಆ ಹುಡುಗಿ ಬಾಗಿಲಲ್ಲಿ ನಿಂತಿತ್ತು. ಆನ್‌ಲೈನ್ ತರಗತಿ ಮುಗಿಸಿ ಬಿಸಿಯಾದ ಫೋನನ್ನು ಬಾಗಿಲ ಕಂಬಿಗೆ ತಾಗಿಸಿ ತಂಪು ಮಾಡುವ ಅಭ್ಯಾಸ ಅದಕ್ಕೆ. ಅಪ್ಪ ಅಮ್ಮ ಮೈಸೂರಿನವರು, ಅಪ್ಪ ಲೋಕೇಶ ಸಾಫ್ಟ್‌ವೇರಿನವನು, ಅಮ್ಮ ವಂದನಾ. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ‘ಊಟ ಆಯ್ತಾ ಮಗಾ’ ಎಂದು ಗುಲಾಬಿ ಕೇಳಿದ್ದು ಬಾಯಿಪಾಠದಂತೆ. ಊರಿನ ಕಡೆ ಮನುಷ್ಯರನ್ನು ಕಂಡರೆ ಕೇಳುವ ಮೊದಲ ಮಾತು ಅದು, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಹುಡುಗಿ ಮಾತ್ರ ಉತ್ತರ ಕೊಟ್ಟಿತು. ‘ವಿ ಹಾರ್ಡ್‌ಲಿ ಈಟ್ ಡಿನ್ನರ್ ನೌ, ಆಂಟಿ. ಅಮ್ಮ ಸೇಸ್ ಇಟ್ಸ್ ಗುಡ್ ಫಾರ್ ಹೆಲ್ತ್.’ ಆಗ ಗುಲಾಬಿ ಏನು ಹೇಳಿದಳು? ವೆರಿ ಗುಡ್ ಎಂದಳು. ಹಾರ್ಡ್‌ಲಿಯನ್ನು ಇಷ್ಟು ಸರಿಯಾಗಿ ಬಳಸುವವರು ದೊಡ್ಡವರಲ್ಲೂ ಕಡಿಮೆ ಎಂದು ಬೆನ್ನು ತಟ್ಟಿದಳು. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು, ಮರೆತುಹೋದೀತೆಂದು ಬೇಗ ಬೇಗ ಒಳಗೆ ಬಂದು ಚೀಟಿ ಬರೆದಿಟ್ಟಳು. ಆ ರಾತ್ರಿ ಅವಳು ಬಂಗುಡೆ ಹುರಿದು ಚೆನ್ನಾಗಿ ಉಂಡಳು. ಮೀನಿನ ವಾಸನೆ ಕಾರಿಡಾರಿಗೆ ಹೋಗಿರಲೇಬೇಕು.

ಹುಚ್ಚು ಯೋಚನೆ ಇದು, ಈಗಿನವರೆಲ್ಲ ರಾತ್ರಿ ಉಪವಾಸ ಮಾಡುತ್ತಾರೆ, ಡಯಟ್ ಎನ್ನುತ್ತಾರೆ, ಅದಕ್ಕೊಂದು ಹೆಸರೂ ಉಂಟು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಒಂದೊಂದಾಗಿ ಬೇರೆ ಸಂಗತಿಗಳು ಬಂದು ಎದುರು ಕೂತವು. ಲೋಕೇಶ ಮಾರ್ಚಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಹತ್ತಿರ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾನೆ, ಆದರೆ ಅವನು ಯಾರೊಂದಿಗೂ ಮಾತಾಡುವುದು ಕೇಳಿಸುವುದಿಲ್ಲ. ಅದಕ್ಕೆ ಮುಂಚೆ ಅವನ ಮೀಟಿಂಗುಗಳ ಗದ್ದಲ ಕಾರಿಡಾರಿಗೆಲ್ಲ ಕೇಳುತ್ತಿತ್ತು. ಅವನ ಕಂಪನಿ ವಿಮಾನದ ಟಿಕೆಟ್ ಮಾರುವ ಕಂಪನಿ, ಒಂದೂವರೆ ವರ್ಷದಿಂದ ವಿಮಾನಗಳೇ ಸರಿಯಾಗಿ ಹಾರಿಲ್ಲ. ಎದುರುಮನೆಯ ಕುಕ್ಕರ್ ದಿನಕ್ಕೆ ಒಂದೇ ಸಲ ಕೂಗುತ್ತದೆ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ. ಇನ್ನು ಪಾತ್ರೆಯ ವಿಷಯ. ಮೊದಲ ವರ್ಷದ ಲಾಕ್‌ಡೌನಿನಲ್ಲಿ ಗುಲಾಬಿ ನೀರುದೋಸೆ ಕೊಟ್ಟರೆ ವಂದನಾ ಅದೇ ಡಬ್ಬಿಯಲ್ಲಿ ಪುಳಿಯೋಗರೆ ತುಂಬಿ ಹಿಂದಿರುಗಿಸುತ್ತಿದ್ದಳು. ಖಾಲಿ ಪಾತ್ರೆ ವಾಪಸು ಕೊಡುವ ಹೆಂಗಸಲ್ಲ ಅವಳು. ಎರಡು ತಿಂಗಳಿಂದ ಈಚೆಗೆ ಏನು ಕೊಡಲು ಹೋದರೂ ಬಾಗಿಲನ್ನು ಅರ್ಧ ತೆರೆದು, ‘ಬೇಡ ಮೇಡಂ, ಕೊರೋನಾ ಅಲ್ವಾ, ಪಾತ್ರೆ ಅದಲು ಬದಲು ಮಾಡೋದು ಬೇಡ’ ಎನ್ನುತ್ತಿದ್ದಳು. ಗುಲಾಬಿ ಇದನ್ನು ಎಚ್ಚರಿಕೆ ಎಂದುಕೊಂಡಿದ್ದಳು. ಮನಸ್ಸಿನ ಒಂದು ಮೂಲೆಯಲ್ಲಿ ಜಾತಿಯ ವಿಷಯವೋ, ಮೀನಿನ ಮನೆಯ ಪಾತ್ರೆ ಎಂದೋ ಎಂದು ಮುನಿಸಿಕೊಂಡೂ ಇದ್ದಳು. ತುಂಬಿ ಕೊಡಲು ಏನೂ ಇಲ್ಲದೆ ಪಾತ್ರೆಯನ್ನೇ ಬೇಡವೆಂದಿರಬಹುದು ಎಂದು ಹೊಳೆಯಲೇ ಇಲ್ಲ. ಎದುರಿನ ಕಟ್ಟಡದ ಕಿಟಕಿಗಳಲ್ಲಿ ಈಚೆಗೆ ಬಿಳಿ ಬಟ್ಟೆಗಳು ಕಾಣುತ್ತವೆ. ಮನೆಯಲ್ಲಿ ಅಕ್ಕಿ ಮುಗಿದವರು ಬಿಳಿ ಬಾವುಟ ಕಟ್ಟಿ, ಕಂಡವರು ತಂದುಕೊಡಿ ಎಂದು ಕೇಳುವುದು ಈಗ ಊರಿಡೀ ನಡೆದಿದೆ. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಅಂಥವರಿಗಾಗಿ ಸಾಮಾನು ಕೂಡಿಸಿದಾಗ ಪಟ್ಟಿಯ ನಾಲ್ಕನೆಯ ಹೆಸರು ವಂದನಾಳದು, ಐದು ಕಿಲೋ ಅಕ್ಕಿ. ಆ ಅಕ್ಕಿಯ ಚೀಲವನ್ನು ಲಿಫ್ಟಿನವರೆಗೆ ಎತ್ತಿಕೊಂಡು ಹೋದದ್ದು ಅಪೂರ್ವ. ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು, ಗುಲಾಬಿಯೂ ಹಾಕಿದ್ದಳು.

ಅವಳು ಎದ್ದು ಚಹಾಕ್ಕೆ ನೀರಿಟ್ಟಳು, ಪುಡಿ ಹಾಕಲು ಮರೆತು ಮತ್ತೆ ಬಂದು ಕೂತಳು. ಪರದೆಯ ಮೇಲೆ ಅವಳೇ ಬರೆದ ‘ಮೂಲ’ದ ಅಂಕಣ ತೆರೆದಿತ್ತು. ಈ ಪದಕ್ಕೆ ಬಹಳ ಹಿಂದೆ ‘ಕಸುವಿನಿಂದ, ಎದೆಗೊಟ್ಟು’ ಎಂಬ ಅರ್ಥವಿತ್ತು. ಆಮೇಲೆ ‘ಕಷ್ಟಪಟ್ಟು’ ಎಂದಾಯಿತು. ಕಷ್ಟಪಟ್ಟು ಆಗುವುದು ಎಷ್ಟೋ ಸಲ ಆಗುವುದೇ ಇಲ್ಲವಾದ್ದರಿಂದ, ನಾನೂರೈವತ್ತು ವರ್ಷಗಳಿಂದೀಚೆಗೆ ‘ಇಲ್ಲ ಎನ್ನುವಷ್ಟು’ ಎಂಬಲ್ಲಿಗೆ ಬಂದು ನಿಂತಿತು. ಇದನ್ನು ಬರೆದ ದಿನ ಅವಳಿಗೆ ಹೆಮ್ಮೆಯಾಗಿತ್ತು. ಇವತ್ತು ಓದುವಾಗ ಯಾಕೋ ರತ್ನಮ್ಮ ಎಂಬ ಹೆಂಗಸಿನ ನೆನಪಾಯಿತು. ಕಾಲೇಜಿನ ಸಂಜೆಯ ತರಗತಿಗೆ ಬರುತ್ತಿದ್ದ ಅಂಗನವಾಡಿ ಕಾರ್ಯಕರ್ತೆ, ವಯಸ್ಸಿನಲ್ಲಿ ಗುಲಾಬಿಗಿಂತ ಒಂದೆರಡು ವರ್ಷ ದೊಡ್ಡವಳೇ. ಕೆಲಸದ ಅರ್ಜಿ ಬರೆಯಿರಿ ಎಂದಾಗ ಅವಳು ಬರೆದಿದ್ದಳು, ‘ಐ ವರ್ಕ್ ಹಾರ್ಡ್‌ಲಿ ಫ್ರಮ್ ಮಾರ್ನಿಂಗ್ ಟು ನೈಟ್.’ ಗುಲಾಬಿ ಅದನ್ನು ಎಲ್ಲರೆದುರು ಓದಿ, ‘ನೋಡಿ, ಇವರು ಬೆಳಿಗ್ಗೆಯಿಂದ ರಾತ್ರಿವರೆಗೆ ಎಂತದೂ ಮಾಡುದಿಲ್ಲವಂತೆ’ ಎಂದಿದ್ದಳು. ತರಗತಿ ನಕ್ಕಿತು. ರತ್ನಮ್ಮನೂ ನಕ್ಕಳು, ಯಾಕೆ ನಗುತ್ತಿದ್ದಾರೆ ಎಂದು ತಿಳಿಯದೆ, ಸೆರಗಿನಿಂದ ಬೆರಳಿನ ಶಾಯಿ ಒರೆಸಿಕೊಳ್ಳುತ್ತ. ಮಾರನೆಯ ವಾರದಿಂದ ಅವಳು ಹಿಂದಿನ ಬೆಂಚಿಗೆ ಹೋದಳು. ಆಮೇಲೆ ಬಂದಳೋ ಇಲ್ಲವೋ ಗುಲಾಬಿಗೆ ನೆನಪಿಲ್ಲ, ವಿಚಾರಿಸಲೂ ಇಲ್ಲ. ಕಷ್ಟಪಟ್ಟು ದುಡಿಯುತ್ತೇನೆ ಎಂದು ಆ ಹೆಂಗಸು ಅವತ್ತು ಹೇಳಲು ಹೊರಟಿದ್ದು ಅಷ್ಟೂ ನಿಜವಾಗಿತ್ತು. ಗುಲಾಬಿಗೆ ಕೇಳಿಸಿದ್ದು ತಪ್ಪು ಮಾತ್ರ. ಅಪೂರ್ವಳ ಬಾಯಿಂದ ಕೇಳಿಸಿದ್ದು ಸರಿ ಮಾತ್ರ. ಎರಡಕ್ಕೂ ಏನು ವ್ಯತ್ಯಾಸ ಎಂದು ಅವಳು ಯೋಚಿಸಿದಳು, ಯೋಚಿಸಿದಷ್ಟೂ ತನ್ನ ಮೇಲೆ ಹೇಸಿಗೆಯಾಯಿತು.

ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಸೀದ ವಾಸನೆ ಬಂದಾಗಲೇ ಅವಳಿಗೆ ನಾಲ್ಕು ಗಂಟೆಯ ನೆನಪಾದದ್ದು. ‘ದಿನದ ಪದ’ವನ್ನು ಅಪೂರ್ವ ಒಂದು ದಿನವೂ ಬಿಡುವುದಿಲ್ಲ. ಆ ಆ್ಯಪನ್ನು ಪುಕ್ಕಟೆಯಾಗಿ ಹಾಕಿಕೊಟ್ಟವಳೇ ಗುಲಾಬಿ. ತಾಯಿ ಮಗಳು ಸೋಫಾದಲ್ಲಿ ಒತ್ತಿ ಕೂತು ಓದುತ್ತಾರೆ, ಮಗಳು ಇಂಗ್ಲಿಷನ್ನು, ತಾಯಿ ಕನ್ನಡವನ್ನು. ಇವತ್ತು ನಾಲ್ಕಕ್ಕೆ ವಂದನಾ ಓದುವುದು: ರಾತ್ರಿ ನಮ್ಮಲ್ಲಿ ಊಟ ಮಾಡುವುದೇ ಇಲ್ಲ ಅನ್ನಬಹುದು, ಹುಡುಗಿ, ಹನ್ನೊಂದು, ಬ್ರಿಕ್‌ಫೀಲ್ಡ್ಸ್. ಈ ಬ್ರಿಕ್‌ಫೀಲ್ಡ್ಸಿನಲ್ಲಿ ಕನ್ನಡದ ಗುಲಾಬಿ ಮೇಡಮ್ಮಿನ ಕಿವಿಗೆ ಸಿಗುವ ಹನ್ನೊಂದರ ಹುಡುಗಿಯರು ಎಷ್ಟು ಜನ? ಕನ್ನಡದವರ ಗುಂಪಿನಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಇದೇ ಆ್ಯಪು. ಬಿಳಿ ಬಟ್ಟೆ ಕಟ್ಟುವ ಬದಲು ಐದು ಕಿಲೋ ಅಕ್ಕಿ ದಾನ ಕೊಟ್ಟವಳ ಕಿಟಕಿಗೆ ಗುಲಾಬಿ ತಾನೇ ಹೋಗಿ ಬಾವುಟ ಕಟ್ಟಿದಂತಾಗುತ್ತದೆ.

ಅವಳು ರಾಮದಾಸರಿಗೆ ಫೋನ್ ಮಾಡಿದಳು. ‘ಸರ್, ಆ ಮೂರನೇ ವಾಕ್ಯ ತೆಗೀಬೇಕಿತ್ತು.’

‘ಯಾಕ್ರಿ ಮೇಡಂ, ಇಂಗ್ಲಿಷ್ ಭಾಳ ಛಲೋ ಐತಲ್ಲ. ಮೂರರಾಗೂ ಜೀವ ಇರೋದು ಅದೊಂದೇ. ಕನ್ನಡ ಅಷ್ಟು ಸರಿ ಮಾಡ್ರಿ ಅಂದೆ.’

‘ಕನ್ನಡ ಸರಿ ಮಾಡಿದೆ ಸರ್. ಅದಕ್ಕೇ ತೆಗೀಬೇಕು ಅನಿಸಿದ್ದು.’

ರಾಮದಾಸರ ದನಿ ತಗ್ಗಿತು. ಹಿಂದೆ ಎಲ್ಲೋ ಮಿಕ್ಸಿ ತಿರುಗುವ ಸದ್ದು. ‘ಯಾರದರ ಮನೀ ಮಾತೇನ್ರಿ ಅದು?’ ಎಂದರು. ಗುಲಾಬಿ ಹೂಂ ಎಂದಳು. ‘ಹಂಗಾದ್ರ ತಗೀರಿ. ಆದ್ರ ಬೇರೆ ಒಂದು ಬೇಕು, ಕೇಳಿದ್ದೇ ಇರಬೇಕು. ಹನ್ನೆರಡಕ್ಕ ಬಾಗಿಲು ಹಾಕ್ತಾರ ನೋಡ್ರಿ.’

ಪೆಟ್ಟಿಗೆ ತೆರೆದು ಚೀಟಿಗಳನ್ನೆಲ್ಲ ಹರಡಿದಳು. ಹಾರ್ಡ್‌ಲಿಗೆ ಇನ್ನೊಂದು ಚೀಟಿ ಇರಲಿಲ್ಲ. ಗಡಿಯಾರ ಹನ್ನೊಂದು ಮುಕ್ಕಾಲು ತೋರಿಸುತ್ತಿತ್ತು. ಕೊನೆಗೆ ಅವಳು ಹೊಸ ಚೀಟಿ ತೆಗೆದುಕೊಂಡು, ‘ಐ ಹಾರ್ಡ್‌ಲಿ ನೋ ಮೈ ನೇಬರ್ಸ್’ ಎಂದು ಬರೆದಳು. ಕೇಳಿದ ವಾಕ್ಯವೇ ಇರಬೇಕಲ್ಲ, ಹಾಗಾಗಿ ಖಾಲಿ ಕೋಣೆಯಲ್ಲಿ ಅದನ್ನು ಒಂದು ಸಲ ಗಟ್ಟಿಯಾಗಿ ಹೇಳಿದಳು. ಹೆಂಗಸು, ನಲವತ್ತೆಂಟು, ಬ್ರಿಕ್‌ಫೀಲ್ಡ್ಸ್, ಜುಲೈ. ಕನ್ನಡ ಈ ಸಲ ಸಲೀಸಾಗಿ ಬಂತು: ‘ನನ್ನ ನೆರೆಮನೆಯವರು ಯಾರೆಂದೇ ನನಗೆ ಗೊತ್ತಿಲ್ಲ.’ ಕಳಿಸಿ ಐದು ನಿಮಿಷಕ್ಕೆ ರಾಮದಾಸರ ಉತ್ತರ ಬಂತು, ‘ಛಲೋ ಆಗೇದ.’ ಗುಲಾಬಿಯ ಭುಜ ಸಡಿಲವಾಯಿತು. ಹಾಲು ಹಾಕಿ ಒಳ್ಳೆಯ ಚಹಾ ಮಾಡಿಕೊಂಡು ಕುಡಿದಳು, ಎರಡು ಬಿಸ್ಕತ್ತೂ ತಿಂದಳು. ಅರ್ಧ ಲೋಟ ಆಗುವ ಹೊತ್ತಿಗೆ, ಈ ಹಗುರ ಯಾವುದರದ್ದು ಎಂದು ತನ್ನನ್ನೇ ಕೇಳಿಕೊಂಡಳು. ಸಿಕ್ಕಿಬೀಳಲಿಲ್ಲ ಎಂಬುದರದ್ದು. ವಾಕ್ಯ ಅಳಿಸಿಹೋಯಿತು, ಎದುರುಮನೆಯ ಒಲೆ ಹಾಗೇ ಇದೆ. ಇವತ್ತು ರಾತ್ರಿಯೂ ಆ ಹುಡುಗಿ ನೀರು ಕುಡಿದು ಮಲಗುತ್ತದೆ, ಇವಳು ಇಲ್ಲಿ ಚಹಾ ಕುಡಿಯುತ್ತಾಳೆ, ನಾಳೆ ಇನ್ನೊಂದು ಪದ. ಹೀಗೆಯೇ ಎಂಟು ದಿನ ನಡೆದಿತ್ತು, ಎಂಬತ್ತು ದಿನ ನಡೆಯುವುದಕ್ಕೂ ಏನೂ ಅಡ್ಡಿಯಿಲ್ಲ. ಲೋಟದಲ್ಲಿ ಉಳಿದದ್ದನ್ನು ಅವಳು ಬಚ್ಚಲಿಗೆ ಚೆಲ್ಲಿದಳು.

ಕೊಡುವುದು ಹೇಗೆ ಎಂಬುದೇ ಪ್ರಶ್ನೆ. ಅಕ್ಕಿಯ ಚೀಲ ಬಾಗಿಲಲ್ಲಿಟ್ಟು ಗಂಟೆ ಒತ್ತಿ ಓಡಿಬಂದರೆ ವಂದನಾ ಅದನ್ನು ಬಿಳಿ ಬಾವುಟದವರಿಗೆ ಕಳಿಸಿ ಗುಂಪಿನಲ್ಲಿ ಫೋಟೋ ಹಾಕಿಯಾಳು. ಅಡುಗೆ ಮಾಡಿ ಕೊಟ್ಟರೆ ಪಾತ್ರೆ ಬೇಡ ಎನ್ನುತ್ತಾಳೆ. ಲೋಕೇಶನನ್ನು ಕರೆದು ಮಾತಾಡಿದರೆ ಮನುಷ್ಯ ಇನ್ನು ಮೇಲೆ ಕಿಟಕಿಯ ಪರದೆಯನ್ನೇ ಎಳೆದುಬಿಡುತ್ತಾನೆ. ಗುಲಾಬಿ ಕೆಳಗಿಳಿದು, ತಮಿಳರ ದಿನಸಿ ಅಂಗಡಿಯ ಬಾಗಿಲಲ್ಲಿ ಫೋನು ತೋರಿಸಿ ಜ್ವರ ನೋಡಿಸಿಕೊಂಡು ಒಳಗೆ ಹೋಗಿ, ಪೊನ್ನಿ ಅಕ್ಕಿ, ತೊಗರಿಬೇಳೆ, ಹುಣಿಸೆಹಣ್ಣು, ಎಣ್ಣೆ, ಆಲೂಗಡ್ಡೆ, ಮೊಸರಿನ ಡಬ್ಬ ತೆಗೆದುಕೊಳ್ಳುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು. ಕೊಡುವವಳಾಗಿ ಹೋಗಬಾರದು, ಕೇಳುವವಳಾಗಿ ಹೋಗಬೇಕು. ಅಂಗಡಿಯವನು ‘ಇನ್ನೈಕ್ಕು ವಿಶೇಷಮಾ, ಅಕ್ಕಾ’ ಎಂದು ಇವತ್ತಿನ ವಿಶೇಷ ಕೇಳಿದ. ‘ಒಂದುಮಿಲ್ಲೆ’, ಏನೂ ಇಲ್ಲ ಎಂದು ಇವಳು ತನ್ನ ಅರೆಬರೆ ತಮಿಳಿನಲ್ಲಿ ಹೇಳಿ ಹೊರಬಿದ್ದಳು. ಲಿಫ್ಟಿನಲ್ಲಿ ಹೋಗುವಾಗ ಆಡಬೇಕಾದ ಮಾತನ್ನು ಮನಸ್ಸಿನಲ್ಲಿ ಎರಡು ಸಲ ಆಡಿ ನೋಡಿದಳು. ಒಂದು ವಾಕ್ಯವನ್ನು ಹೀಗೆ ಹೊಸೆಯುವುದು ಅವಳಿಗೆ ರೂಢಿ ತಪ್ಪಿತ್ತು.

ಬಾಗಿಲು ತೆರೆದದ್ದು ವಂದನಾ. ಮಾಸ್ಕಿನ ಮೇಲೆ ಕಣ್ಣುಗಳು ಮೊದಲು ಗುಲಾಬಿಯ ಕೈಯ ಚೀಲಗಳಿಗೆ ಹೋದವು, ಆಮೇಲೆ ಮುಖಕ್ಕೆ. ಒಳಗೆ ಕುಕ್ಕರ್ ಆಗಷ್ಟೇ ಕೂಗಿ ಉಸಿರು ಬಿಡುತ್ತಿತ್ತು. ‘ಏನು ಮೇಡಂ, ಇಷ್ಟೊಂದು ಹೊತ್ಕೊಂಡು?’

‘ನಿಮ್ಮ ಹತ್ರ ಒಂದು ಉಪಕಾರ ಕೇಳ್ಲಿಕ್ಕೆ ಬಂದೆ ವಂದನಾ’ ಎಂದಳು ಗುಲಾಬಿ. ಲಿಫ್ಟಿನಲ್ಲಿ ಹೊಸೆದ ಮಾತುಗಳು ಅನುಕ್ರಮ ತಪ್ಪಿ ಬಂದವು. ‘ಒಬ್ಬಳಿಗೆ ಅಂತ ಅಡುಗೆ ಮಾಡ್ಲಿಕ್ಕೆ ಆಗುದಿಲ್ಲ ನನಗೆ ಇತ್ತೀಚೆ. ಮಾಡಿದ್ದು ಹಾಳಾಗ್ತದೆ, ಇಲ್ಲಾಂದ್ರೆ ಮಾಡುದೇ ಇಲ್ಲ. ಹೊರಗಿಂದ ಕಟ್ಟಿಸಿ ತಂದು, ತಪಾವ್ ಮಾಡಿ ಮಾಡಿ ಹೊಟ್ಟೆ ಕೆಟ್ಟಿದೆ. ಸಾಮಾನು ಪೂರಾ ನಾನು ತರ್ತೇನೆ, ಅಡುಗೆ ನೀವು ಮಾಡಿ, ಎರಡು ಹೊತ್ತು ನಂಗೂ ಒಂದು ತಟ್ಟೆ ಹಾಕಿ. ಜನ ಇದ್ರೆ ಉಣ್ಣಲಿಕ್ಕೂ ಮನಸ್ಸಾಗ್ತದೆ. ನಿಮಗೆ ತೊಂದರೆ ಅಂತಾದ್ರೆ ಬೇಡ ಮತ್ತೆ.’

ವಂದನಾ ಬಾಗಿಲ ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಇದೇ ಕಾರಿಡಾರಿಗೆ ತೇಲಿಬಂದ ಬಂಗುಡೆಯ ವಾಸನೆಯನ್ನು ಅವಳು ಮರೆತಿರಲಾರಳು. ‘ಅಪೂರ್ವ ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ ಮೇಡಂ?’ ಎಂದು ಮೆಲ್ಲಗೆ ಕೇಳಿದಳು.

ಕೇಳಿದ್ದನ್ನು ಕೇಳಿದ ಹಾಗೆ, ಆಡಿದವರ ವಯಸ್ಸು ಊರು ಸಮೇತ ಬರೆದಿಡುವುದೇ ಗುಲಾಬಿಯ ಕಸುಬು. ‘ಎಂತದು?’ ಎಂದಳು. ‘ಅವಳು ನನ್ನ ಹತ್ರ ಪದದ ಅರ್ಥ ಕೇಳುದು ಬಿಟ್ರೆ ಬೇರೆ ಎಂತ ಮಾತಾಡ್ತಾಳೆ.’

‘ಏನಿಲ್ಲ, ಮಕ್ಕಳು ಸುಮ್ನೆ ಏನೇನೋ ಹೇಳ್ತಾವೆ.’ ವಂದನಾ ಹಿಂದಕ್ಕೆ ತಿರುಗಿ ಒಳಗೆ ನೋಡಿದಳು. ಇಸ್ತ್ರಿ ಅಂಗಿಯ ಲೋಕೇಶ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟುಕೊಂಡು ಇತ್ತ ಕಡೆಯೇ ಕಿವಿ ಕೊಟ್ಟಿದ್ದ. ಅವಳು ಬಾಗಿಲನ್ನು ಪೂರ್ತಿ ತೆರೆದಳು. ‘ಬನ್ನಿ ಒಳಗೆ. ಇದನ್ನೆಲ್ಲ ಇಲ್ಲೇ ಇಡಿ, ಇವತ್ತು ಇದನ್ನ ನಾನು ಮುಟ್ಟಲ್ಲ. ಮೊದಲನೇ ಊಟ ನಮ್ಮನೇದಾಗ್ಲಿ, ಮಿಕ್ಕಿದ್ದು ಆಮೇಲೆ ಮಾತಾಡೋಣ. ಸಾಮಾನು ಹೊತ್ತು ತಂದು ಉಂಡು ಹೋದ್ರು ಅಂತ ಆಗ್ಬಾರ್ದು.’

‘ನನ್ನದು ಈಗ ಚಹಾ ಆಯ್ತಷ್ಟೆ…’

‘ಚಹಾ ಊಟ ಆಗತ್ತಾ ಮೇಡಂ? ಕೂತ್ಕೊಳ್ಳಿ.’ ಅದು ಕೇಳಿಕೊಂಡ ದನಿಯಲ್ಲ. ಮನೆಗಳಿಗೆ ಹೋಗಬಾರದೆಂಬ ಸರ್ಕಾರದ ನಿಯಮವನ್ನು ಎತ್ತಿದರೂ ಈ ಹೊತ್ತಿನಲ್ಲಿ ಅದು ನಡೆಯುವಂತಿರಲಿಲ್ಲ. ಬೇಡ ಎಂದರೆ ಮಾತು ಇಲ್ಲಿಗೇ ಮುಗಿಯುತ್ತದೆ, ಚೀಲಗಳನ್ನು ಎತ್ತಿಕೊಂಡು ಎದುರಿನ ಬಾಗಿಲಿಗೆ ನಡೆಯಬೇಕು ಎಂದು ಗುಲಾಬಿಗೆ ಸ್ಪಷ್ಟವಾಗಿ ತಿಳಿಯಿತು. ಅವಳು ಮಾಸ್ಕ್ ತೆಗೆದು ಮಡಿಚಿ ಕೈಚೀಲಕ್ಕೆ ಹಾಕಿ, ಕೈ ತೊಳೆದುಕೊಂಡು ಕೂತಳು.

ವಂದನಾ ಮೇಜನ್ನು ಒರೆಸಿ ಒಂದೇ ತಟ್ಟೆ ಇಟ್ಟಳು. ‘ನೀವೆಲ್ಲ?’ ಎಂದು ಗುಲಾಬಿ ಕೇಳಿದ್ದಕ್ಕೆ ಲೋಕೇಶ, ‘ನಂದು ಒಂದು ಕಾಲ್ ಇದೆ ಮೇಡಂ, ಮುಗಿಸ್ಕೊಂಡು ಕೂರ್ತೀನಿ, ನೀವು ಶುರು ಮಾಡಿ’ ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಪೂರ್ವ ಸೋಫಾದ ತುದಿಯಲ್ಲಿ ಫೋನು ಹಿಡಿದು ಕೂತಿತ್ತು. ಬಾ ಮಗಾ ಎಂದಾಗ ತಾಯಿಯ ಮುಖ ನೋಡಿ, ‘ಐ’ಲ್ ಈಟ್ ಲೇಟರ್, ಆಂಟಿ’ ಎಂದಿತು. ಕುಕ್ಕರ್ ಮೇಜಿಗೆ ಬಂತು. ಅದು ಇಬ್ಬರಿಗೆ ಮಾಡುವ ಚಿಕ್ಕ ಕುಕ್ಕರ್, ಅದರಲ್ಲೂ ಅನ್ನ ಅರ್ಧಕ್ಕಿಂತ ಕೆಳಗಿತ್ತು. ವಂದನಾ ಬಡಿಸುವಾಗ ಕೈ ಹಿಡಿಯಲಿಲ್ಲ. ತಟ್ಟೆಯ ನಡುವೆ ಬೆಟ್ಟದ ಹಾಗೆ ಅನ್ನ ಹಾಕಿ, ಗುಳಿ ಮಾಡಿ ಸಾರು ಸುರಿದಳು. ಎಲ್ಲಿಂದಲೋ ಒಂದು ಹಪ್ಪಳ ಹುಡುಕಿ ತಂದು ಗ್ಯಾಸಿನ ಮೇಲೆ ಸುಟ್ಟು ತಟ್ಟೆಯ ಅಂಚಿಗಿಟ್ಟಳು. ಸಾರು ತಿಳಿಯಾಗಿತ್ತು, ಬೇಳೆ ತಳದಲ್ಲೂ ಸಿಗುತ್ತಿರಲಿಲ್ಲ, ಆದರೆ ಒಗ್ಗರಣೆಯ ಇಂಗು ಘಮ್ಮೆನ್ನುತ್ತಿತ್ತು. ಗುಲಾಬಿ ಮೊದಲ ತುತ್ತು ಕಲಸಿದಳು. ಹುಡುಗಿ ಇವಳನ್ನು ನೋಡುತ್ತಿರಲಿಲ್ಲ, ಫೋನನ್ನೂ ನೋಡುತ್ತಿರಲಿಲ್ಲ. ಕುಕ್ಕರನ್ನು ನೋಡುತ್ತಿತ್ತು.

ಅಷ್ಟು ಕಷ್ಟದ ಊಟವನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ. ಬೇಗ ಉಂಡರೆ ಮುಗಿಯುತ್ತದೆ, ನಿಧಾನ ಉಂಡರೆ ಉಳಿಯುವುದಿಲ್ಲ, ತಟ್ಟೆಗೆ ಬಿದ್ದದ್ದು ಎಂಜಲು, ಯಾರಿಗೂ ವಾಪಸು ಹೋಗುವುದಿಲ್ಲ. ಅವಳು ಸಾರಿನ ಪುಡಿ ಮನೆಯದ್ದಾ ಎಂದು ಕೇಳಿದಳು, ವಂದನಾ ಅಮ್ಮ ಕಳಿಸಿದ್ದು ಎಂದಳು. ಮೈಸೂರಿನಲ್ಲಿ ಈಗ ಮಳೆಯಾ ಎಂದು ಕೇಳಿದಳು, ಗೊತ್ತಿಲ್ಲ ಎಂದಳು. ಅನ್ನ ತಟ್ಟೆಯಲ್ಲಿ ತೀರುತ್ತ ಬಂತು. ಎರಡು ತುತ್ತು ಉಳಿದಿರುವಾಗ ವಂದನಾ ಕುಕ್ಕರನ್ನು ಓರೆ ಮಾಡಿ, ಸೌಟಿನಲ್ಲಿ ಅನ್ನ ತೆಗೆದುಕೊಂಡು ತಟ್ಟೆಯ ಪಕ್ಕದಲ್ಲಿ ನಿಂತಳು. ‘ಇನ್ನೊಂದು ಸ್ವಲ್ಪ?’

ಗುಲಾಬಿಯ ಎಡಗೈ ತಟ್ಟೆಗೆ ಅಡ್ಡ ಹಿಡಿಯಲು ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಅವಳು ವಂದನಾಳ ಕಣ್ಣು ನೋಡಿದಳು. ಅದು ಬಡಿಸುವವಳ ಕಣ್ಣಾಗಿರಲಿಲ್ಲ. ಒಂದು ಉತ್ತರಕ್ಕಾಗಿ ಕಾಯುತ್ತಿತ್ತು. ಸಾಕು ಎಂದರೆ, ಈ ಹೆಂಗಸಿಗೆ ಎಲ್ಲ ಗೊತ್ತು, ಅಳೆದು ಉಣ್ಣುತ್ತಿದ್ದಾಳೆ, ಬಾಗಿಲ ಬಳಿಯ ಚೀಲ ಭಿಕ್ಷೆ ಎಂದಾಗುತ್ತದೆ. ಗೊತ್ತಿಲ್ಲದವಳಾದರೆ ಎರಡನೆಯ ಸಲ ಹಾಕಿಸಿಕೊಳ್ಳುತ್ತಾಳೆ. ಸೋಫಾದ ಮೇಲೆ ಹುಡುಗಿ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿತ್ತು.

‘ಹಾಕಿ’ ಎಂದಳು ಗುಲಾಬಿ. ತಟ್ಟೆಯನ್ನು ಎತ್ತಿ ಮುಂದೆ ಹಿಡಿದಳು. ‘ಸಾರು ಚಂದ ಆಗಿದೆ, ಅದನ್ನೂ ಹಾಕಿ.’

ಸೌಟು ಕುಕ್ಕರಿನ ತಳಕ್ಕೆ ತಾಗಿ ಸದ್ದಾಯಿತು, ಇನ್ನೊಮ್ಮೆ ತಾಗಿತು. ವಂದನಾ ಬಡಿಸಿ, ಮಾಸ್ಕನ್ನು ಕೆಳಗೆ ಸರಿಸಿ, ಸೆರಗಿನಿಂದ ಹಣೆ ಒರೆಸಿಕೊಂಡು, ಎದುರಿನ ಕುರ್ಚಿ ಎಳೆದು ಕೂತಳು. ಎರಡು ತಿಂಗಳಲ್ಲಿ ಅವಳು ಗುಲಾಬಿಯೆದುರು ಕೂತದ್ದು ಇದೇ ಮೊದಲು. ಬಾಗಿಲ ಬಳಿಯ ಚೀಲಗಳ ಕಡೆಗೆ ಒಂದು ಸಲ ನೋಡಿ, ಲೆಕ್ಕ ಹಾಕುವವಳ ಹಾಗೆ ತುಟಿ ಅಲ್ಲಾಡಿಸಿ, ಕೇಳಿದಳು.

‘ಹಂಗಾದ್ರೆ ರಾತ್ರಿಗೆ ಏನು ಮಾಡ್ಲಿ ಅಕ್ಕಾ?’